ಮೊರದ ರಾಗಿ ಮುಗಿಯುವವರೆಗೆ

ಐವತ್ತರ ದಶಕದ ಮಾತು. ಮದುವೆಯಾಗಿ ಎರಡನೆಯ ವರ್ಷ ಅತ್ತೆಯ ಜೊತೆ ಸಾಲಿಗ್ರಾಮದಿಂದ ಪಿರಿಯಾಪಟ್ಟಣದ ನೆಂಟರ ಮನೆಗೆ ಹೊರಟಿದ್ದೆ. ಹುಣಸೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಮೇಷ್ಟ್ರಾಗಿದ್ದ ಅತ್ತೆಯ ತಮ್ಮ ನಮ್ಮನ್ನು ಬಸ್ಸಿನ ಬಾಗಿಲಲ್ಲೇ ಹಿಡಿದರು. ಅಂದು ಊರಲ್ಲಿ ಸಂಗೀತ ಮತ್ತು ಕಲೆಗಳ ಉತ್ಸವ. ಅದರ ಸಮಿತಿಯಲ್ಲಿ ಅವರೂ ಒಬ್ಬರು.

"ಅಕ್ಕ, ಬೀಸೋ ಪದ ಹೇಳ್ತೀವಿ ಅಂದಿದ್ದ ಹೆಂಗಸ್ರು ಕೈಕೊಟ್ರು. ನೀನು ಐದು ನಿಮಿಷ ಹೇಳ್ಬುಡು. ನನ್ನ ಮಾನ ಉಳಿಸು."

"ಒಬ್ಳೇ ಎಂಗ್ಲಾ ಹೇಳ್ಲಿ? ಎದುರುಗಡೆ ಸೊಲ್ಲು ಎತ್ಕೊಳ್ಳೋರು ಬೇಡ್ವಾ?" ಎಂದ ಅತ್ತೆ ನನ್ನ ಕಡೆ ತಿರುಗಿದರು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ.

ಮಕ್ಕಳೇ, ನೀವು ಹಿಟ್ಟಿನ ಗಿರಣಿ ಕಂಡವರು. ಬೀಸುವಾಗ ಒಬ್ಬಳು ಒಂದು ಸೊಲ್ಲು ಹೇಳಿದರೆ ಎದುರು ಕೂತವಳು ಅದನ್ನೇ ಎತ್ತಿ ಹೇಳಬೇಕು. ಅಷ್ಟರಲ್ಲಿ ಮೊದಲನೆಯವಳು ಉಸಿರು ತೆಗೆದುಕೊಳ್ಳುತ್ತಾಳೆ. ಎದುರಿನವಳ ಬಾಯಿ ಕಟ್ಟಿತೋ, ಪದ ಅಲ್ಲಿಗೇ ನಿಂತಿತು. ನಾನೋ, ಮನೆಯಲ್ಲೇ ಗಂಡಸರ ಕೆಮ್ಮು ಕೇಳಿದರೆ ಬಾಯಿ ಮುಚ್ಚುತ್ತಿದ್ದವಳು.

ಚಪ್ಪರದಲ್ಲಿ ಮಧ್ಯಾಹ್ನದವರೆಗೆ ಕಲೆಯೇ ಕಾಣಲಿಲ್ಲ. ದೊಡ್ಡವರು ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಹಾರ ಸಾಲದಾದಾಗ ಮೊದಲು ಹಾಕಿದ್ದನ್ನೇ ತೆಗೆದು ಇನ್ನೊಬ್ಬರಿಗೆ ಹಾಕಿದರು. ಜರಿ ರುಮಾಲಿನ ಅಧ್ಯಕ್ಷರು, ಹಳ್ಳಿ ಹೆಂಗಸಿನ ಬೆವರಿನಲ್ಲಿ ಸಂಗೀತವಿದೆ ಎಂದರು. ಅವರಿಗೆ ಬೆವರದಂತೆ ಇಬ್ಬರು ಬೀಸಣಿಗೆ ಹಿಡಿದಿದ್ದರು. ಪಿಟೀಲು ವಿದ್ವಾಂಸರು ಮೂರು ಸಲ ಶ್ರುತಿ ಮಾಡಿಕೊಂಡು, ಮೂರು ಸಲವೂ ಭಾಷಣಕ್ಕೆ ಜಾಗ ಬಿಟ್ಟರು.

ನಮ್ಮ ಸರದಿ ಬಂತು. ವೇದಿಕೆಯ ಮೇಲೆ ಬೀಸುವ ಕಲ್ಲಿತ್ತು, ಅದಕ್ಕೂ ಒಂದು ಹಾರವಿತ್ತು. ರಾಗಿ ಇರಲಿಲ್ಲ.

"ಸುಮ್ನೆ ತಿರುಗಿಸ್ದಂಗೆ ಮಾಡಕ್ಕ."

"ಬರೀ ಕಲ್ಲು ಬೀಸ್ತಾರೇನ್ಲಾ? ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವಾ? ರಾಗಿ ತರ್ಸು."

ಯಾರದೋ ಮನೆಯಿಂದ ಮೊರದ ತುಂಬ ರಾಗಿ ಬಂತು. ಸಮಿತಿಯವರು ಅದನ್ನೂ ಅಲಂಕಾರವೆಂದುಕೊಂಡರು. ಕಲ್ಲಿಗೆ ಕೈಮುಗಿದು ಕೂತ ಮೇಲೆ ಮೊರ ಬರಿದಾಗದೆ ನಾವು ಪದ ನಿಲ್ಲಿಸುವುದಿಲ್ಲ ಎಂಬುದು ಅವರಿಗೆ ತಿಳಿಯದು.

ಕಲ್ಲು ತಿರುಗಿಸುವ ಗೂಟವನ್ನು ಇಬ್ಬರೂ ಹಿಡಿದೆವು. ಅತ್ತೆ ಶುರು ಮಾಡಿದರು. ನಾನು ಸೆರಗಿನೊಳಗೆ ಗೊಣಗಿದೆ. ಐದು ನಿಮಿಷಕ್ಕೆ ಸಮಿತಿಯವರು ಗಂಟೆ ಬಾರಿಸಿದರು. ಅತ್ತೆ ಇನ್ನೊಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಸುರಿದರು. ಮತ್ತೆ ಗಂಟೆ, ಮತ್ತೊಂದು ಹಿಡಿ. ಕೊನೆಗೆ ಮೈಕನ್ನೇ ಎತ್ತಿಕೊಂಡು ಹೋದರು. ಅಧ್ಯಕ್ಷರು ಎದ್ದು ಬಂದು ನಮ್ಮ ಪಕ್ಕದಲ್ಲೇ ನಿಂತರು. ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮುಕ್ತಾಯದ ಭಾಷಣಕ್ಕೆ ಕಾಯ್ತಾವ್ರೆ ಕಣವ್ವ. ನೀನಾದ್ರೂ ಗೂಟ ಬುಟ್ಟು ಎದ್ದೇಳು. ಅಕ್ಕ ತಾನೇ ನಿಲ್ಲಿಸ್ತಾಳೆ."

ಬೆಳಗಿನಿಂದ ನಾನು ಬೇಡಿಕೊಂಡಿದ್ದೇ ಅದು. ಅಷ್ಟರಲ್ಲಿ ಅತ್ತೆ ಸೊಲ್ಲು ಮುಗಿಸಿ, ಉಸಿರಿಗಾಗಿ ನನ್ನ ಮುಖ ನೋಡಿದರು. ಕತ್ತಿನ ನರ ಉಬ್ಬಿತ್ತು. ಮೊರದಲ್ಲಿ ಇನ್ನೂ ಅರ್ಧ ರಾಗಿ. ನಾನು ಗೂಟ ಬಿಡಲಿಲ್ಲ. ಸೆರಗು ಹಿಂದಕ್ಕೆ ಸರಿಸಿ, ಚಪ್ಪರದ ಕೊನೆಗೆ ಕೇಳುವಂತೆ ಸೊಲ್ಲು ಎತ್ತಿದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಹಿಂದೆ ಚಾಪೆಯ ಮೇಲಿದ್ದ ಹೆಂಗಸರೂ ದನಿಗೂಡಿಸಿದರು. ಹಿಟ್ಟು ಹಾರಿ ಅಧ್ಯಕ್ಷರ ಕಪ್ಪು ಕೋಟು ಬೂದಿ ಬಣ್ಣಕ್ಕೆ ತಿರುಗಿತು. ಕೊಡವಿಕೊಂಡಷ್ಟೂ ಅಂಟಿತು.

ಮೊರ ಬರಿದಾದ ಮೇಲೆ ಅತ್ತೆ ಹಿಟ್ಟು ಬಳಿದಿಟ್ಟು, ಕಲ್ಲಿಗೆ ನಮಸ್ಕರಿಸಿ, "ಈಗ ನೀವು ಮಾತಾಡ್ರಪ್ಪ" ಎಂದು ಜಾಗ ಬಿಟ್ಟುಕೊಟ್ಟರು. ಜನ ಆಗಲೇ ಎದ್ದು ಹೊರಟಿದ್ದರು.

ಮೆಟ್ಟಿಲಿಳಿಯುವಾಗ ಹೊಗಳುತ್ತಾರೇನೋ ಎಂದು ಕಾದೆ. ಅತ್ತೆ ನನ್ನ ತೋಳು ಚಿವುಟಿದರು.

"ಇಂಥ ದನಿ ಮಡಿಕ್ಕೊಂಡು ಎಲ್ಡು ವರ್ಸದಿಂದ ನನ್ನೊಬ್ಬಳ ಕೈಲೇ ಕಿರುಚಿಸಿದ್ಯಲ್ಲ, ಕಳ್ಳಿ!"