ಎಡಗಡೆ ಪೆಡಲು

ಸೈಕಲ್ ಅಂಗಡಿಯವನು ಅವನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿ ಆರು ವರ್ಷವಾಗಿತ್ತು. ಆ ಸಿಟ್ಟು ಆಗಲೂ ಆರಿರಲಿಲ್ಲ, ಇವತ್ತಿಗೂ ಆರಿಲ್ಲ.

ನಡೆದದ್ದು ಇಷ್ಟೇ. ಅವನ ಸೈಕಲ್ಲಿನ ಎಡಗಡೆ ಪೆಡಲು ಸವೆದಿತ್ತು. ಬಿಚ್ಚಲು ಹೋಗಿ, ಅದು ಬಿಚ್ಚದೆ, ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ತಿರುಗಿಸಿ, ಥ್ರೆಡ್ಡನ್ನೇ ಹಾಳುಮಾಡಿಕೊಂಡು ಅಂಗಡಿಗೆ ತಂದಿದ್ದ. ಅಂಗಡಿಯವನು ಬಗ್ಗಿ ನೋಡಿದ. ಪಂಕ್ಚರಿಗೆ ಕಾದು ನಿಂತವರ ಕಡೆ ಕಣ್ಣು ಮಿಟುಕಿಸಿ, "ಈ ಮಹಾರಾಯನ ಕೈಗೆ ಸಿಕ್ಕಿದ ನಟ್ಟು ಮತ್ತೆ ನಟ್ಟಾಗಿ ಬದುಕಲ್ಲ ಕಣ್ರಪ್ಪಾ! ಅಲ್ಲಯ್ಯಾ, ಎಡಗಡೆ ಪೆಡಲು ಅಂದ್ರೆ..." ಎಂದು ಶುರುಮಾಡಿದ. ಎಲ್ಲರೂ ಗೊಳ್ಳೆಂದು ನಕ್ಕರು. ಮಿಕ್ಕ ಮಾತು ಕೇಳಲು ಅವನು ನಿಲ್ಲಲಿಲ್ಲ. ಸೈಕಲ್ಲನ್ನು ಕಿತ್ತುಕೊಂಡು ಹೊರಟವನು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಮುರುಕು ಪೆಡಲಿಗೆ ತಂತಿ ಸುತ್ತಿಕೊಂಡೇ ತುಳಿದ.

ಕಷ್ಟವೆಂದರೆ ಅಂಗಡಿ ಇದ್ದದ್ದು ಅವನ ಮನೆಯ ಕೆಳಗೇ. ಮೇಲಿನ ಎರಡು ಕೋಣೆ ಅವನದು, ಕೆಳಗಿನ ಶಟರು ಅಂಗಡಿಯವನದು. ಚಕ್ರದ ಗಾಳಿ ಇಳಿದರೆ, ಆ ಅಂಗಡಿಯ ಮುಂದೆಯೇ ತಲೆಯೆತ್ತಿಕೊಂಡು ಸೈಕಲ್ ತಳ್ಳುತ್ತ ಮೂರು ಬೀದಿ ಆಚೆ ಹೋಗಿ ಗಾಳಿ ಹೊಡೆಸಿಕೊಂಡು ಬರುತ್ತಿದ್ದ. ಓಣಿಯವರು ಅವನಿಗೆ ಪಟಾಕಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಪಟಾಕಿಯ ಕೆಲಸ ಮರ ಕಡಿಯುವ ಗುಂಪಿನಲ್ಲಿ ಹಗ್ಗ ಎಳೆಯುವುದು. ಇಪ್ಪತ್ತು ವರ್ಷದಿಂದ ಬೇರೆಯವರು ಕೊಯ್ದ ಕೊಂಬೆಗೆ ಹಗ್ಗ ಬಿಗಿದು ಎಳೆದೂ ಎಳೆದೂ ಬಲಹೆಗಲು ಸೋತುಹೋಗಿತ್ತು. ಅಂಗಿ ತೊಡುವಾಗ ಕೈ ಮೇಲೇಳುತ್ತಿರಲಿಲ್ಲ. ಇದನ್ನು ಹೆಂಡತಿ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಆದರೆ ಗುಂಪಿನ ಮೇಸ್ತ್ರಿಯ ಕಣ್ಣಿಂದ ಏನು ಮುಚ್ಚಿಡುವುದು?

"ಸೋಮವಾರದಿಂದ ರಸ್ತೆ ಅಗಲ ಮಾಡೋ ಕೆಲಸ. ಮೂರು ತಿಂಗಳು ತಲೆ ಎತ್ತೋ ಹಾಗಿಲ್ಲ," ಎಂದಿದ್ದ ಮೇಸ್ತ್ರಿ. "ನಿನ್ನದೇ ಒಂದು ಗರಗಸದ ಮಿಷನ್ ತಾ, ಕೊಯ್ಯೋಕೆ ಇಟ್ಕೋತೀನಿ. ಹಗ್ಗ ಎಳೀತೀನಿ ಅಂದ್ರೆ ಬೇಡ ಕಣೋ. ಆ ಹೆಗಲು ಇಟ್ಕೊಂಡು ಯಾರ ಮೇಲೆ ಕೊಂಬೆ ಕೆಡವ್ತೀಯೋ ಏನೋ."

ಸೋಮವಾರ ಬೆಳಿಗ್ಗೆ ಮಿಷನ್ ಕೂಗಬೇಕು, ಇಲ್ಲದಿದ್ದರೆ ಕೆಲಸವೇ ಇಲ್ಲ. ಹೊಸದಕ್ಕೆ ಕೈಯಲ್ಲಿ ಕಾಸಿಲ್ಲ. ಗುರುವಾರ ಗುಜರಿಯಲ್ಲಿ ಒಂದು ಕೆಟ್ಟ ಮಿಷನ್ನು ಸಿಕ್ಕಿತು. ರಿಪೇರಿಯವನು ಅದನ್ನು ಬೆರಳ ತುದಿಯಲ್ಲಿ ಮುಟ್ಟಿ, "ಇದಕ್ಕೆ ನನ್ನ ಕೂಲಿ ಹಾಕೋದಕ್ಕಿಂತ ಇಂಥದ್ದೇ ಇನ್ನೆರಡು ತಗೊಳಣ್ಣ," ಎಂದ. ಪಟಾಕಿ ಮಿಷನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ತಂದ.

ಅವನ ಹೆಂಡತಿ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಕಿಟಕಿಯ ಬದಿಯ ಬೆಳಕಿರುವ ಜಾಗ ಹೊಲಿಗೆ ಮಿಷನ್ನಿನದು. ಹಾಗಾಗಿ ಗರಗಸಕ್ಕೆ ಸಿಕ್ಕಿದ್ದು ಒಂದು ಚಾಪೆಯಗಲದ ಬಾಲ್ಕನಿ. ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಅವನ ಅತ್ತೆ, "ನನ್ನ ಬಿಸಿಲೂ ಹೋಯ್ತು," ಎಂದು ಗೊಣಗುತ್ತ ಬಾಗಿಲೊಳಕ್ಕೆ ಸರಿದಳು.

ಶುಕ್ರವಾರ ಕಾರ್ಬುರೇಟರ್ ಬಿಚ್ಚಿದ. ಒಳಗೆ ಹಳೇ ಪೆಟ್ರೋಲು ಅಂಟಾಗಿ ಕೂತಿತ್ತು. ಹೆಂಡತಿಯ ಸಣ್ಣ ಸೂಜಿ ಇಸಿದುಕೊಂಡು ಒಂದೊಂದೇ ತೂತು ಬಿಡಿಸಿದ. ಶನಿವಾರ ಮಧ್ಯಾಹ್ನ ಹದಿನೇಳನೆಯ ಎಳೆತಕ್ಕೆ ಎಂಜಿನ್ನು ಕೆಮ್ಮಿ, ಕ್ಯಾಕರಿಸಿ, ಕೂಗಿಯೇಬಿಟ್ಟಿತು. ಪಾತ್ರೆಗಳು ಅದುರಿದವು. ಅತ್ತೆ ಕಿವಿ ಮುಚ್ಚಿಕೊಂಡಳು. ಆದರೆ ಎಂಜಿನ್ನು ಕೂಗಿದ್ದಷ್ಟೇ, ಚೈನು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪಕ್ಕದ ಮುಚ್ಚಳ ತೆಗೆದು ನೋಡಿದರೆ, ಚೈನನ್ನು ಓಡಿಸುವ ಹಲ್ಲುಚಕ್ರ ಸವೆದು ನುಣ್ಣಗಾಗಿತ್ತು. ಮತ್ತೆ ಗುಜರಿಗೆ ಓಡಿದ. ಕಬ್ಬಿಣದ ರಾಶಿಯಲ್ಲಿ ಮೊಣಕೈವರೆಗೂ ಕೈಹಾಕಿ ಕೆದಕಿ, ಅಳತೆಗೆ ಕೂರುವ ಇನ್ನೊಂದು ಹಲ್ಲುಚಕ್ರ ಹಿಡಿದು ತಂದ.

ಭಾನುವಾರ ಬೆಳಿಗ್ಗೆ ಮುಖ ತೊಳೆಯದೆ ಕೂತ. ಹಲ್ಲುಚಕ್ರ ಇದ್ದದ್ದು ಕ್ಲಚ್ಚಿನ ಹಿಂದೆ. ಅದನ್ನು ತೆಗೆಯಬೇಕಾದರೆ ಮೊದಲು ಕ್ಲಚ್ಚು ಬಿಚ್ಚಬೇಕು. ಎಂಜಿನ್ನು ಸುತ್ತದಂತೆ ಹಿಡಿಯುವ ಉಪಾಯ ಅವನು ಕಂಡಿದ್ದ. ಪ್ಲಗ್ಗು ಬಿಚ್ಚಿ, ಆ ತೂತಿನೊಳಕ್ಕೆ ಹಗ್ಗ ತುರುಕಿದರೆ ಪಿಸ್ಟನ್ ಅದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಹೊಲಿಗೆ ಡಬ್ಬಿಯಿಂದ ಲಾಡಿ ತೆಗೆದು ತುರುಕತೊಡಗಿದ.

"ಅಳಿಯಂದ್ರು ಮಿಷನ್ನಿಗೂ ಲಾಡಿ ಹಾಕ್ತಿದ್ದಾರೆ," ಎಂದಳು ಅತ್ತೆ. "ಚಡ್ಡಿ ಜಾರುತ್ತಂತೇನೇ ಅದಕ್ಕೆ?"

"ನಿಮ್ಮಮ್ಮನ್ನ ಒಳಗೆ ಕರಕೊಂಡು ಹೋಗೇ!"

ಸ್ಪ್ಯಾನರು ಸಿಕ್ಕಿಸಿ ಎಡಕ್ಕೆ ತಿರುಗಿಸಿದ. ಅಲುಗಲಿಲ್ಲ. ಪೈಪು ಸಿಕ್ಕಿಸಿ, ಬಾಲ್ಕನಿಯ ಕಂಬಿಗೆ ಕಾಲು ಕೊಟ್ಟು ಜಗ್ಗಿದ. ಹೆಗಲಿನಿಂದ ಬೆರಳಿನವರೆಗೆ ಮಿಂಚು ಹರಿದಂತಾಯಿತು. ಎದ್ದ, ನೀರು ಕುಡಿದ, ಬಾಗಿಲವರೆಗೆ ಹೋದ, ಮತ್ತೆ ಬಂದು ಕೂತ. ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಗಡಿಯಾರ ಹತ್ತು ತೋರಿಸುತ್ತಿತ್ತು, ಮತ್ತೆ ನೋಡಿದರೆ ಹನ್ನೊಂದೂವರೆ. ಕೊನೆಗೆ ಉಳಿ ಸುತ್ತಿಗೆ ತೆಗೆದುಕೊಂಡ. ಒಂದೇಟು, ಎರಡೇಟು. ಮೂರನೆಯದು ಜಾರಿ ಎಂಜಿನ್ನಿನ ಬಿಸಿ ಆರಿಸುವ ಲೋಹದ ರೆಕ್ಕೆಗಳಲ್ಲಿ ಒಂದು ಚಟ್ಟನೆ ಮುರಿದು ಕೆಳಗಿನ ಬೀದಿಗೆ ಹಾರಿತು.

"ಅಯ್ಯೋ, ಒಡೆದೇ ಹಾಕ್ತೀರಾ ಅದನ್ನ?" ಹೆಂಡತಿ ಹೊಲಿಗೆ ನಿಲ್ಲಿಸಿ ಎದ್ದು ಬಂದಳು. "ಹೋಗಿ ಕೆಳಗಿನವರನ್ನ ಒಂದು ಮಾತು ಕೇಳಬಾರದಾ?"

"ಅವನನ್ನಾ? ಅವನನ್ನು ಕೇಳೋ ಬದಲು ಜೀವನಪೂರ್ತಿ ಹಗ್ಗ ಎಳೀತೀನಿ."

"ಯಾವ ಹೆಗಲಲ್ಲಿ?"

ಅವನು ಸುತ್ತಿಗೆಯನ್ನು ಮೂಲೆಗೆಸೆದ.

ಆಗ ಕೆಳಗಿನಿಂದ ದನಿ ಬಂತು. ಸೈಕಲ್ ಅಂಗಡಿಯವನು ಬೀದಿಯ ನಡುವೆ, ಮುರಿದ ರೆಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ನೋಡುತ್ತ ನಿಂತಿದ್ದ. ಪಟಾಕಿಯ ತಲೆ ಅವನಿಗೆ ಕಾಣುತ್ತಿತ್ತು. ಆದರೂ ಕೂಗಿದ್ದು ಹೆಂಡತಿಯನ್ನೇ.

"ತಂಗೀ, ಕ್ಲಚ್ಚು ಬಿಚ್ತಾ ಇರೋದಾ ಅವ್ರು?"

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದ. "ಹೌದಣ್ಣ," ಎಂದಳು.

"ಹಂಗಾದ್ರೆ ಹೇಳು. ಅವತ್ತು ಪೂರ್ತಿ ಕೇಳಿಸ್ಕೊಳ್ದೆ ಎದ್ದು ಹೋದ್ರಲ್ಲ, ಅದೇ ಮಾತು. ಎಡಗಡೆ ಪೆಡಲು ಉಲ್ಟಾ ಬಿಚ್ಚುತ್ತೆ. ಬೇರೆ ನಟ್ಟು ಬಿಗಿಯೋ ಕಡೆಗೇ ತಿರುಗಿಸ್ಬೇಕು. ಈ ಕ್ಲಚ್ಚೂ ಹಂಗೇನೇ. ಬೆಳಿಗ್ಗೆಯಿಂದ ಬಿಚ್ತಾ ಇಲ್ಲ ತಂಗೀ ಅವ್ರು, ಬಿಗೀತಾ ಇದ್ದಾರೆ."

"ನಮಗೆ ಗೊತ್ತು ಅಂತ ಹೇಳೇ ಅವನಿಗೆ!"

"ಗೊತ್ತಂತಣ್ಣ," ಎಂದಳು ಹೆಂಡತಿ, ನಗು ತಡೆಯುತ್ತ.

"ಗೊತ್ತಿದ್ರೆ ಒಳ್ಳೇದೇ ಆಯ್ತು," ಎಂದು ಅವನು ಒಳಗೆ ಹೋದ.

ಪಟಾಕಿ ಸ್ಪ್ಯಾನರು ಮುಟ್ಟಲಿಲ್ಲ. ಕೋಣೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಕೋಣೆಗೆ ಅಡ್ಡಾಡಿದ. ಕೆಳಗಿನವನಿಗೆ ಸದ್ದು ಕೇಳುವಾಗ ಬಿಚ್ಚುವ ಮಾತೇ ಇಲ್ಲ. ಒಂದೂವರೆಗೆ ಅವನು ಊಟಕ್ಕೆಂದು ಶಟರು ಎಳೆದ. ಆ ಸದ್ದಿಗೇ ಕಾದಿದ್ದವನಂತೆ ಪಟಾಕಿ ಓಡಿಬಂದು ಕೂತ. ಲಾಡಿಯನ್ನು ಹೊರಗೆಳೆದು, ಎಂಜಿನ್ನನ್ನು ಇನ್ನೊಂದು ಕಡೆಗೆ ಸುತ್ತಿ, ಮತ್ತೆ ತುರುಕಿದ. ಪೈಪು ಹಿಡಿದು ಬಲಕ್ಕೆ ಜಗ್ಗಿದ. ಬೆಳಗಿನಿಂದ ತಾನೇ ಬಿಗಿದದ್ದಲ್ಲವೇ, ಸುಲಭಕ್ಕೆ ಬರಲಿಲ್ಲ. ಹೆಂಡತಿಯೂ ಬಂದು ಪೈಪಿನ ತುದಿಗೆ ಕೈಹಾಕಿದಳು. ಇಬ್ಬರೂ ಉಸಿರು ಕಟ್ಟಿ ಒತ್ತಿದರು. ಟಕ್ಕೆಂದಿತು. ಆಮೇಲೆ ಕ್ಲಚ್ಚು ಬೆರಳಲ್ಲೇ ತಿರುಗುತ್ತ ಬಂತು.

ಅದಕ್ಕೆ ಅಂಟಿದ್ದ ಜಿಡ್ಡನ್ನು ಬಟ್ಟೆಚೂರಿನಿಂದ ಒರೆಸಿದ. ಜಿಡ್ಡಿನ ಕೆಳಗೆ ಉಕ್ಕಿನಲ್ಲೇ ಕೊರೆದ ಒಂದು ಬಾಣದ ಗುರುತು. ಬಿಚ್ಚಬೇಕಾದ ದಿಕ್ಕು. ನಿನ್ನೆಯಿಂದ ಕಣ್ಣೆದುರೇ ಇತ್ತು, ಒಮ್ಮೆ ಒರೆಸಿದ್ದರೆ ಸಾಕಿತ್ತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಬಟ್ಟೆಚೂರನ್ನು ಹಿಂಡಿ ಹಿಂಡಿ ಬಿಸಾಡಿದ.

ಸೋಮವಾರ ಮೇಸ್ತ್ರಿ ಮೊದಲು ನೋಡಿದ್ದು ಮುರಿದ ರೆಕ್ಕೆಯನ್ನು. "ಇದೇನೋ, ಹಲ್ಲು ಮುರಿದಿರೋ ಮುದುಕಿ ಥರ ಇದೆ! ಕೊಯ್ಯುತ್ತಾ?" ಪಟಾಕಿ ಎಡಗೈಯಲ್ಲಿ ಮಿಷನ್ನಿನ ಹಗ್ಗ ಎಳೆದ. ಮೂರನೇ ಎಳೆತಕ್ಕೆ ಕೂಗಿತು. ತೊಡೆಗಾತ್ರದ ಕೊಂಬೆಯ ಮೇಲಿಟ್ಟ. ಬಿಳಿ ಹೊಟ್ಟು ಮುಖಕ್ಕೆ ರಾಚಿತು, ಕೊಂಬೆ ಎರಡಾಯಿತು. ಮೇಸ್ತ್ರಿ ಹಗ್ಗದ ಸುರುಳಿಯನ್ನು ಅವನ ಹೆಗಲಿನಿಂದ ತೆಗೆದು ಬೇರೆಯವನ ಕಡೆ ಎಸೆದ.

"ಈಗಲಾದರೂ ಹೋಗಿ ಉಪಕಾರ ಆಯ್ತು ಅಂತ ಒಂದು ಮಾತು ಹೇಳಿಬನ್ನಿ," ಎಂದಳು ಹೆಂಡತಿ ಅವತ್ತು ಸಂಜೆ. ಮರುದಿನವೂ ಎಂದಳು. "ಹೇಳ್ತೀನಿ ಬಿಡೇ, ಜೀವ ತಿನ್ಬೇಡ," ಎನ್ನುತ್ತ ಹದಿನೈದು ದಿನ ದೂಡಿದ. ಕೆಲಸದಿಂದ ಬರುವಾಗ ಅಂಗಡಿಯ ಹತ್ತಿರ ಹೆಜ್ಜೆ ನಿಧಾನವಾಗುತ್ತಿತ್ತು, ದಾಟಿದ ಕೂಡಲೇ ಜೋರಾಗುತ್ತಿತ್ತು. ಮೊದಲಿಗಿಂತ ಹೆಚ್ಚು ಚಡಪಡಿಕೆ ಈಗ. ಸಿಟ್ಟೊಂದೇ ಇದ್ದಾಗ ತಲೆಯೆತ್ತಿ ದಾಟುವುದು ಸುಲಭವಿತ್ತು.

ಒಂದು ಭಾನುವಾರ ಸೈಕಲ್ಲನ್ನು ಕೆಳಗಿಳಿಸಿ ನೇರ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

ಅಂಗಡಿಯವನು ತಲೆಯೆತ್ತಿದ. "ಏನಾಗ್ಬೇಕು?"

"ಗಾಳಿ."

ಅವನು ಹೆಬ್ಬೆರಳಿನಿಂದ ಚಕ್ರ ಒತ್ತಿ ನೋಡಿದ. "ಕಲ್ಲಿನ ಹಾಗಿದೆಯಲ್ಲ."

"ಇದ್ರೂ ಹೊಡಿ."

ಸೈಕಲ್ ಅಂಗಡಿಯವನು ವಾಲ್ವು ಒತ್ತಿ ಇದ್ದ ಗಾಳಿಯನ್ನೆಲ್ಲ ಸುಯ್ಯೆಂದು ಬಿಟ್ಟ. ಪಂಪು ತಂದು, ಎರಡೂ ಚಕ್ರಕ್ಕೆ ಮತ್ತೆ ಗಾಳಿ ತುಂಬಿಸಿದ. ಅಷ್ಟು ಹೊತ್ತೂ ಆ ಮಾತು ಪಟಾಕಿಯ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅಂಗಡಿಯವನು ಎಡಗಡೆ ಪೆಡಲಿನ ತಂತಿಯನ್ನು ಬೆರಳಲ್ಲಿ ಮೀಟಿ, "ಆರು ವರ್ಷ ಇದರಲ್ಲೇ ತುಳಿದ್ಯಾ ಮಹಾರಾಯಾ!" ಎಂದು ನಕ್ಕ.

ಪಟಾಕಿಯ ಕಿವಿ ಬಿಸಿಯಾಯಿತು. ತೆರೆದ ಬಾಯಲ್ಲಿ ಬಂದದ್ದು ಬೇರೆ ಮಾತು. "ಎಷ್ಟಾಯ್ತು?"

"ಏನಂತ ಇಸ್ಕೊಳ್ಲಿ? ಇದ್ದ ಗಾಳೀನೇ ತೆಗೆದು ಅಲ್ಲಿಗೇ ಹಾಕಿದೀನಿ."

ಅವನು ಸೈಕಲ್ ಹತ್ತಿ ಸುಮ್ಮನೆ ಎರಡು ಬೀದಿ ಸುತ್ತಿಕೊಂಡು ಮನೆಗೆ ಬಂದ. ಹೆಂಡತಿ ಹೊಲಿಗೆಯಿಂದ ತಲೆಯೆತ್ತಿ, "ಹೇಳಿದ್ರಾ?" ಎಂದಳು.

"ಗಾಳಿ ಹೊಡೆಸ್ಕೊಂಡು ಬಂದೆ."

ಮುಂದಿನ ಭಾನುವಾರವೂ ಚಕ್ರದಲ್ಲಿ ಗಾಳಿ ಇರುವಾಗಲೇ ಸೈಕಲ್ ಕೆಳಗಿಳಿಸಿದ. ಅವತ್ತೂ ಹೇಳಲಿಲ್ಲ.