ಟೀಚರ್ ಓದಿದ ಮೇಲೇ ಪ್ರಕಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಲೆಯ ಮೇಲೆ ಹಾಲು, ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲು. ಎಂಟನೇ ತರಗತಿಯ ಭಾಷಾ ಶಿಕ್ಷಕಿ ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದರ ಬೆರಳಿನಿಂದ ಪರದೆ ಸರಿಸುತ್ತಾ ತರಗತಿಯ ಬ್ಲಾಗ್ ನೋಡುತ್ತಿದ್ದಾರೆ. ಮಕ್ಕಳ ಬರಹವಿರಲಿ, ಅದಕ್ಕೆ ಸಹಪಾಠಿಗಳ ಪ್ರತಿಕ್ರಿಯೆಯಿರಲಿ, ಅವರು ಓದಿ ಒಪ್ಪಿದ ಮೇಲೇ ಉಳಿದವರಿಗೆ ಕಾಣುವುದು.

ಹಾಲು ಉಕ್ಕುತ್ತದೆ. "ಮನೆ ಹಾಲು ಚೆಲ್ಲಿದ್ರೂ ಚಿಂತೆಯಿಲ್ಲ, ಊರ ಮಕ್ಕಳ ಕಾಗುಣಿತ ತಪ್ಪಬಾರದು ನಮ್ಮ ಸೊಸೆಗೆ!" ಎನ್ನುತ್ತಾ ಅತ್ತೆ ಒಲೆ ಆರಿಸುತ್ತಾರೆ. ಬ್ಲಾಗಿನ ಕಾಯಂ ಓದುಗರಲ್ಲಿ ಅವರೂ ಒಬ್ಬರು.

"ಪ್ರಬಂಧ ಬರೆಸಿದ್ರೆ ಎಲ್ಲರದೂ ಗೈಡಿನ ಸಾಲೇ," ಎನ್ನುತ್ತಾರೆ ಶಿಕ್ಷಕಿ, ಬ್ಲಾಗ್ ಯಾಕೆ ಎಂದು ಕೇಳಿದರೆ. "ಓದೋಳು ನಾನೊಬ್ಬಳೇ, ಅದೂ ಕೆಂಪು ಪೆನ್ನು ಹಿಡ್ಕೊಂಡು. ಅಂಥದಕ್ಕೆ ಯಾರು ತಾನೇ ಮನಸ್ಸಿಟ್ಟು ಬರೀತಾರೆ?"

ಶಾಲೆಯಲ್ಲಿ ಮೆಟ್ಟಿಲ ಕೆಳಗಿನ ಉಗ್ರಾಣವೇ ಕಂಪ್ಯೂಟರ್ ಕೋಣೆ. ಇರುವ ನಾಲ್ಕರಲ್ಲಿ ಒಂದು ಮಹಾ ಮೊಂಡು. ತಲೆಗೆ ತಟ್ಟಿದರಷ್ಟೇ ಕಣ್ಣು ಬಿಡುತ್ತದೆ. ಬ್ಲಾಗ್ ಶುರುವಾದಾಗ "ಮೊದಲು ಪಾಠ ಮುಗಿಸಿ ಮೇಡಂ" ಎಂದು ಮೂಗು ಮುರಿದವರೇ ಹೆಚ್ಚು.

ಆಗ ಪ್ರತಿಕ್ರಿಯೆಗಳು ನೇರವಾಗಿ ಪ್ರಕಟವಾಗುತ್ತಿದ್ದವು. ಒಬ್ಬ ಹುಡುಗಿ ಕಸದ ಲಾರಿ ಓಡಿಸುವ ತನ್ನ ಅಪ್ಪನ ಬಗ್ಗೆ ಬರೆದಳು. "ಅಪ್ಪ ನನ್ನನ್ನು ಶಾಲೆಯ ಹಿಂದಿನ ತಿರುವಿನಲ್ಲೇ ಇಳಿಸುತ್ತಾರೆ. ಗೇಟಿಗೆ ಬರಬೇಡಿ ಎಂದು ನಾನು ಹೇಳಿರಲಿಲ್ಲ. ಅವರಿಗೇ ಗೊತ್ತಾಗಿತ್ತು." ಕೆಳಗೆ ಯಾರೋ ಹೆಸರು ಹಾಕದೆ ಬರೆದರು: "ಮೂಗು ಮುಚ್ಚಿಕೊಂಡು ಓದಿದೆ." ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

"ಈ ಸಹವಾಸವೇ ಬೇಡ, ಮುಚ್ಚಿಬಿಡಿ," ಎಂದರು ಮುಖ್ಯೋಪಾಧ್ಯಾಯರು.

"ಅವಳ ಮನೆಗೆ ಹೋಗಿ ಬರ್ತೀನಿ ಸರ್. ಆಮೇಲೆ ಹೇಳಿ," ಎಂದರು ಶಿಕ್ಷಕಿ.

ಹುಡುಗಿ ಬಾಗಿಲ ಹಿಂದಿನಿಂದ ಈಚೆ ಬರಲೇ ಇಲ್ಲ. ಮಗಳು ಬರೆದದ್ದು ಅಪ್ಪನಿಗೆ ಗೊತ್ತೇ ಇರಲಿಲ್ಲ. ಶಿಕ್ಷಕಿ ಅದನ್ನೂ ಕೆಳಗಿನ ಪ್ರತಿಕ್ರಿಯೆಯನ್ನೂ ಓದಿ ಹೇಳಿದರು. ತಿರುವಿನ ಮಾತು ಬಂದಾಗ ಆತ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ಯಾವುದನ್ನೂ ಅಳಿಸಬೇಡಿ ಮೇಡಂ. ಮೂಗು ಮುಚ್ಕೊಂಡ್ರೆ ಏನಂತೆ, ಮೊದಮೊದಲು ನಾನೂ ಮುಚ್ಕೋತಿದ್ದೆ. ಆ ಮಗುಗೆ ನಾನು ಉತ್ತರ ಬರೀಬಹುದಾ?"

ಆತ ಹೇಳಿದ, ಶಿಕ್ಷಕಿ ಟೈಪ್ ಮಾಡಿದರು: "ಮಗು, ನಾನು ಅವಳಪ್ಪ. ನಂಗೇನೂ ಬೇಜಾರಿಲ್ಲ. ನಿಮ್ಮನೇಲಿ ಗಾಜು ಒಡೆದ್ರೆ ಮಾತ್ರ ಬೇರೆ ಕಟ್ಟಿಡು, ನಮ್ಮೋರ ಕೈ ಕುಯ್ಯುತ್ತೆ."

ಸಂಜೆಯೊಳಗೆ ಅದರ ಕೆಳಗೆ ಇನ್ನೊಂದು ಸಾಲು ಬಂತು, ಈ ಸಲ ಹೆಸರಿನೊಂದಿಗೆ: "ಬರೆದಿದ್ದು ನಾನು ಅಂಕಲ್. ತಪ್ಪಾಯ್ತು. ಇನ್ಮೇಲೆ ಗಾಜು ನಾನೇ ಕಟ್ಟಿಡ್ತೀನಿ." ಮುಂದಿನ ವಾರ ಲಾರಿ ಗೇಟಿನ ಎದುರೇ ನಿಂತಿತು. ಹುಡುಗಿ ಇಳಿದಳು. ಬ್ಲಾಗ್ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ಹೆಸರು ಹಾಕಿಯೇ ಬರೆಯಬೇಕು; ಅಂದಿನಿಂದಲೇ ಈ ಮುಂಜಾನೆಯ ಓದು. ಚುಚ್ಚುಮಾತು ಕಂಡರೆ ಶಿಕ್ಷಕಿ ತಾವಾಗಿ ಅಳಿಸುವುದಿಲ್ಲ, ಬರೆದವರನ್ನು ಪಕ್ಕಕ್ಕೆ ಕರೆಯುತ್ತಾರೆ. "'ಇದನ್ನ ಅವಳ ಮುಖ ನೋಡ್ಕೊಂಡು ಹೇಳ್ತೀಯಾ?' ಅಂತ ಕೇಳ್ತೀನಿ ಅಷ್ಟೆ. ತಲೆ ಕೆರ್ಕೊಂಡು ಅವರೇ ತಿದ್ದಿ ತರ್ತಾರೆ."

ನಿಮಗೇನು ಬೇಕು ಎಂದರೆ ನಗುತ್ತಾರೆ. "ಇನ್ನೊಂದೆರಡು ಕಂಪ್ಯೂಟರ್ ಬಂದ್ರೆ ಸಾಕು. ಊಟದ ಹೊತ್ತಲ್ಲಿ ಬರೆಯೋ ಕುರ್ಚಿಗೆ ದಿನಾ ಕಿತ್ತಾಟ. ಮಕ್ಕಳ ಎಲ್ಲಾ ಜಗಳಾನೂ ಬಿಡಿಸ್ತೀನಿ, ಅದೊಂದನ್ನ ಮಾತ್ರ ಸ್ವಲ್ಪ ಹೊತ್ತು ನಿಂತು ನೋಡ್ತೀನಿ."