ಇಳಿಜಾರಿನ ತಿರುವಿನಲ್ಲಿ ಸತ್ತ ಜಿಂಕೆ

ನಾವು ನಾಲ್ಕು ಜನ. ಮೂವರು ಗಂಡಸರು, ನಾನೊಬ್ಬಳು. ಎಲ್ಲರಿಗೂ ಐವತ್ತರ ಆಚೀಚೆ, ಎಲ್ಲರಿಗೂ ಡಾಕ್ಟರು ಬೈದ ಮೇಲೆ ಹುಟ್ಟಿದ ಸೈಕಲ್ ಹುಚ್ಚು. ಮೈಸೂರು ಕಡೆಯ ಒಬ್ಬರು ನಮ್ಮ ಮುಂದಾಳು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದ ಅವರಿಗೆ ಶನಿವಾರವೂ ಮ್ಯಾನೇಜ್ ಮಾಡಲು ಯಾರಾದರೂ ಬೇಕಿತ್ತು. ಇನ್ನೊಬ್ಬರು ಧಾರವಾಡದ ಡೆಂಟಿಸ್ಟು. ಮೂರನೆಯವರು ಮ್ಯಾನ್‌ಹಟನ್ನಿನ ಬ್ಯಾಂಕೊಂದಕ್ಕೆ ದಿನಾ ಟ್ರೇನಿನಲ್ಲಿ ಕಮ್ಯೂಟ್ ಮಾಡುವವರು, ಮಾತು ಕಮ್ಮಿ. ನಾನು ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ಅಮೆರಿಕದಲ್ಲಿ ನಾವಿರುವ ಮನ್ರೋ ಎಂಬ ಊರು ತಟ್ಟೆಯ ಹಾಗೆ ಸಮತಟ್ಟು. ಅದಕ್ಕೇ ಬೇಸಿಗೆಯಲ್ಲಿ ಎರಡು ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಪಶ್ಚಿಮಕ್ಕೆ, ಡೆಲವೇರ್ ನದಿಯ ಕಡೆಯ ಗುಡ್ಡಗಳಿಗೆ ಹೋಗುತ್ತಿದ್ದೆವು. ಕುದುರೆ ಲಾಯಗಳು, ಜೋಳದ ಹೊಲಗಳು, ಮರಗಳ ನಡುವೆ ಏರುತ್ತಾ ಇಳಿಯುತ್ತಾ ಹೋಗುವ ಕಿರಿದಾದ ರಸ್ತೆ. ಒಬ್ಬರ ಹಿಂದೆ ಒಬ್ಬರು, ನಡುವೆ ಒಂದೆರಡು ಮಾರು ಅಂತರ. ಮುಂದಿರುವವರು ಗುಂಡಿ, ಜಲ್ಲಿ, ಗಾಜು ಏನು ಕಂಡರೂ ಕೈ ಚಾಚಿ ತೋರಿಸಬೇಕು. ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಈ ನಿಯಮವನ್ನು ನಮಗೆ ಹತ್ತು ಸಲ ಪಾಠ ಮಾಡಿದ್ದವರೂ ಮುಂದಾಳುವೇ.

ಅದು ಜುಲೈ. ಬೆಳಿಗ್ಗೆ ಒಂಬತ್ತಕ್ಕೇ ಮೈ ಅಂಟಂಟು. ಉದ್ದನೆಯ ಒಂದು ಏರು ಮುಗಿಸಿ ಇಳಿಜಾರಿಗೆ ಬಿಟ್ಟೆವು. ಮುಂದಾಳು ಎಲ್ಲರಿಗಿಂತ ಮುಂದೆ, ಅವರ ಹಿಂದೆ ನಾನು. ಅವರು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಸಣ್ಣ ಕ್ಯಾಮೆರಾ ಹಿಡಿದು ತಮ್ಮದೇ ಮುಖದ ವಿಡಿಯೋ ತೆಗೆಯುತ್ತಿದ್ದರು. ಗಾಳಿಯಲ್ಲಿ ಮೊದಲು ನಾತ ಬಂತು. ಅದೇನೆಂದು ಹೊಳೆಯುವಷ್ಟರಲ್ಲಿ ತಿರುವಿನಲ್ಲಿ ಅವರ ಸೈಕಲ್ ಸರಕ್ಕನೆ ಎಡಕ್ಕೆ ಸರಿಯಿತು. ಅವರ ಬೆನ್ನಿದ್ದ ಜಾಗದಲ್ಲಿ ಸತ್ತ ಜಿಂಕೆಯಿತ್ತು.

ಎಷ್ಟು ದಿನದ್ದೋ. ಹೊಟ್ಟೆ ಡೋಲಿನಂತೆ ಉಬ್ಬಿತ್ತು. ಬ್ರೇಕ್ ಹಿಡಿದೆ, ಆದರೂ ಮುಂದಿನ ಚಕ್ರ ಆ ಹೊಟ್ಟೆಯೊಳಕ್ಕೇ ಹೋಯಿತು. ಹೋದ ಶಬ್ದ ನನಗೆ ಈಗಲೂ ನೆನಪಿದೆ, ಬರೆಯುವುದಿಲ್ಲ. ನಾನು ಮುಗ್ಗರಿಸಿ ಅದರ ಮೇಲೆಯೇ ಬಿದ್ದೆ. ಮೊಣಕೈ ಬಿಟ್ಟರೆ ಪೆಟ್ಟೇನೂ ಆಗಲಿಲ್ಲ, ಬಿದ್ದದ್ದು ಮೆತ್ತಗಿನ ಜಾಗದಲ್ಲಿ. ಬಾಯಿ ಮುಚ್ಚಿಕೊಂಡಿದ್ದೆ ಅನ್ನುವುದೊಂದೇ ಪುಣ್ಯ. ಕತ್ತು, ಎದೆ, ತೋಳು ಎಲ್ಲಾ ಬೆಚ್ಚಗೆ ಲೋಳೆ. ಹೆಲ್ಮೆಟ್ಟಿನ ಕೆಳಗೆ ಕೂದಲಲ್ಲಿ ಏನೋ ಮಿಸುಕುತ್ತಿತ್ತು.

ಎದ್ದು ನಿಂತಾಗ ಮುಂದಾಳು ವಾಪಸ್ ಬಂದಿದ್ದರು. "ಅಯ್ಯಯ್ಯೋ, ಏನ್ರೀ ಇದು! ಒಂದ್ನಿಮಿಷ, ಒಂದ್ನಿಮಿಷ, ಹಾಗೇ ಇರಿ" ಅಂದರು. ಸಹಾಯಕ್ಕೆ ಅಂದುಕೊಂಡೆ. ಅವರು ಕ್ಯಾಮೆರಾ ನನ್ನ ಕಡೆ ತಿರುಗಿಸಿದರು.

"ನೀವು ಕೈ ಯಾಕೆ ತೋರಿಸಲಿಲ್ಲ?" ಎಂದೆ.

"ನೋಡ್ಲೇ ಇಲ್ಲ ಕಣ್ರೀ. ಲಾಸ್ಟ್ ಸೆಕೆಂಡಲ್ಲಿ ತಪ್ಪಿಸ್ಕೊಂಡೆ. ಬಟ್ ಯು ಆರ್ ಓಕೆ, ರೈಟ್?" ಎನ್ನುತ್ತಲೇ ನಗು ತಡೆಯಲಾರದೆ ಮುಖ ಆಚೆ ಮಾಡಿದರು.

ಬ್ಯಾಂಕಿನವರು ರಸ್ತೆಯ ಆ ಬದಿಯಲ್ಲೇ ನಿಂತುಬಿಟ್ಟರು. ಡೆಂಟಿಸ್ಟು ಸೈಕಲ್ ಬಿಸಾಡಿ ನನ್ನ ಕಡೆ ಓಡಿ ಬಂದವರು, ಅರ್ಧಕ್ಕೇ ಬಗ್ಗಿ, ಬೆಳಿಗ್ಗೆ ತಿಂದ ಅವಲಕ್ಕಿಯನ್ನೆಲ್ಲ ಹುಲ್ಲಿನ ಮೇಲೆ ಕಕ್ಕಿದರು. ಆಮೇಲೆ ತೋಳಿನಿಂದ ಬಾಯಿ ಒರೆಸಿಕೊಂಡು ಹತ್ತಿರ ಬಂದರು.

"ಅಲ್ಲಾಡಬ್ಯಾಡ್ರಿ. ಕಣ್ಣ ಮುಚ್ಚಿಕೊಂಡು ಇಲ್ಲೇ ಕೂಡ್ರಿ. ನನಗ ವಾಂತಿ ಬರ್ತದ, ಬರ್ಲಿ. ಅದಕ್ಕ ಲಕ್ಷ್ಯ ಕೊಡಬ್ಯಾಡ್ರಿ."

ಹೆಲ್ಮೆಟ್ ಬಿಚ್ಚಿ, ಬರಿಗೈಯಲ್ಲಿ, ನನ್ನ ಕೂದಲಿನಿಂದ ಒಂದೊಂದೇ ಹುಳ ತೆಗೆದರು. ನಡುವೆ ಎರಡು ಸಲ ಎದ್ದು ಹೋಗಿ ವಾಂತಿ ಮಾಡಿ ಬಂದರು. ನಾನು ಕಣ್ಣು ಬಿಗಿಯಾಗಿ ಮುಚ್ಚಿ ಅಳುತ್ತಿದ್ದೆ. ನಿತ್ಯ ಕೈಗವಸು ಹಾಕಿ ಊರವರ ಬಾಯಿ ನೋಡುವ ಮನುಷ್ಯ, ಹೇಸಿಗೆ ಅವರಿಗೆ ಒಗ್ಗಿರಬೇಕು ಅಂದುಕೊಂಡಿದ್ದೆ. ಇಲ್ಲ, ಅವರಿಗೆ ಎಲ್ಲರಿಗಿಂತ ಹೆಚ್ಚು ಹೇಸಿಗೆ.

ತಿರುವಿನ ಕೆಳಗೆ ಒಂದು ಮನೆಯಿತ್ತು. ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸೊಬ್ಬರು ತರಕಾರಿ ಮಡಿಗೆ ನೀರು ಬಿಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ, ಜಗಲಿ ಹತ್ತಬೇಡ ಮಗಳೇ, ಅಲ್ಲೇ ನಿಲ್ಲು, ಅಂದರು. ಟೌನ್ ಆಫೀಸಿನವರಿಗೆ ಮೂರು ಸಲ ಫೋನ್ ಮಾಡಿದ್ದೆ, ಜಿಂಕೆ ಎತ್ತಿಸಲೇ ಇಲ್ಲ, ಎಂದು ಬೈಯುತ್ತಾ ಪೈಪನ್ನು ನನ್ನ ಮೇಲೆ ಹಿಡಿದರು. ದನ ತೊಳೆದ ಹಾಗೆ ತೊಳೆದರು. ಪಾತ್ರೆ ತೊಳೆಯುವ ಸೋಪು ಕೊಟ್ಟರು. ಹಸಿರು ಲೋಳೆ ಹುಲ್ಲಿನ ಮೇಲೆ ಹರಿಯಿತು, ನಾತ ಮಾತ್ರ ಹೋಗಲಿಲ್ಲ.

ಕಾರು ನಿಲ್ಲಿಸಿದ್ದ ಜಾಗಕ್ಕೆ ಸೈಕಲ್ ತಳ್ಳಿಕೊಂಡೇ ನಡೆದೆವು. ಬೆಳಿಗ್ಗೆ ನಾನು ಬಂದಿದ್ದು ಮುಂದಾಳುವಿನ ಕಾರಿನಲ್ಲಿ. ಅವರು ಡಿಕ್ಕಿಯ ಮುಂದೆ ನಿಂತು ತಲೆ ಕೆರೆದುಕೊಂಡರು. "ತಪ್ಪು ತಿಳೀಬೇಡಿ, ಹೊಸ ಕಾರು, ಲೆದರ್ ಸೀಟು. ಈ ಸ್ಮೆಲ್ ಒಂದ್ಸಲ ಹಿಡಿದ್ರೆ ಹೋಗಲ್ಲ."

"ನನ್ನ ಕಾರು ಹಳೇದ ಅದ. ಬರ್ರಿ" ಅಂದರು ಡೆಂಟಿಸ್ಟು. ಅವರ ಜೊತೆ ಬಂದಿದ್ದ ಬ್ಯಾಂಕಿನವರು ತಮ್ಮ ಬ್ಯಾಗು ಎತ್ತಿಕೊಂಡು ಹೋಗಿ ಲೆದರ್ ಸೀಟಿನ ಮೇಲೆ ಕೂತರು.

ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದೆ. ಮಧ್ಯಾಹ್ನ ಫೋನ್ ನೋಡಿದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ. ನಾನು ಬೀಳುವುದಿಲ್ಲ ಅದರಲ್ಲಿ, ಬಿದ್ದೆದ್ದು ನಿಂತಿರುವುದು. ಎದೆಯಿಂದ ಏನೋ ತೊಟ್ಟಿಕ್ಕುತ್ತಿದೆ, ಅಳುತ್ತಿದ್ದೇನೆ. ಹಿಂದಿನಿಂದ ಮುಂದಾಳುವಿನ ನಗು. ಕೆಳಗೆ ಬರೆದಿದ್ದರು: "ವೆಜಿಟೇರಿಯನ್ ಮೇಡಂಗೆ ನಾನ್‌ವೆಜ್ ಸ್ನಾನ!"

ಅದಕ್ಕೆ ನಾನು ಒತ್ತಿದ್ದೇನು? ನಗುವ ಮುಖ. ಸಪ್ಪೆ ಮೋರೆಯವಳು ಅನ್ನಿಸಿಕೊಳ್ಳಬಾರದಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಅದನ್ನು ನೋಡಿದಳು. "ಅಮ್ಮಾ, ಯು ವರ್ ಕ್ರೈಯಿಂಗ್. ವೈ ವುಡ್ ಯು ಸೆಂಡ್ ದಟ್?" ಅಂದಳು. ನಾನು ಫೋನ್ ಮಗುಚಿಟ್ಟೆ.

ನೆನಪಿಗೆ ಬಂದದ್ದು ಬೇರೆಯದೇ ಒಂದು ದಿನ. ಮೇ ತಿಂಗಳಲ್ಲಿ ಬ್ಯಾಂಕಿನವರು ಕುದುರೆ ಲದ್ದಿಯ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದರು. ಆಗಲೂ ಇದೇ ಕ್ಯಾಮೆರಾ. ಅವರು ಎರಡು ಸಲ, "ಡಿಲೀಟ್ ಮಾಡ್ರಿ, ಪ್ಲೀಸ್" ಅಂದಿದ್ದರು. ನಾನು ಕಣ್ಣೀರು ಬರುವಷ್ಟು ನಕ್ಕಿದ್ದೆ. ಬೆಂಗಳೂರಿನ ತಂಗಿಗೂ ಆ ವಿಡಿಯೋ ಕಳಿಸಿದ್ದೆ. ಅಂದು ಬೆಳಿಗ್ಗೆ ಅವರು ರಸ್ತೆಯ ಆಚೆ ಬದಿಯಲ್ಲಿ ಯಾಕೆ ನಿಂತಿದ್ದರು ಎನ್ನುವುದು ಸೋಫಾದ ಮೇಲೆ ಕೂತ ನನಗೆ ಆಗ ಗೊತ್ತಾಯಿತು. ಮೈ ತೊಳೆದುಕೊಂಡಿದ್ದೆ, ಆದರೆ ಆ ಹೇಸಿಗೆಗೆ ಪೈಪು ಹಿಡಿಯುವವರು ಯಾರೂ ಇರಲಿಲ್ಲ.

ಸಂಜೆ ಮುಂದಾಳುವಿಗೆ ಫೋನ್ ಮಾಡಿದೆ. "ಗುಂಪಿನಿಂದ ವಿಡಿಯೋ ತೆಗೀರಿ. ನಂದೂ, ಬ್ಯಾಂಕಿನವರದೂ. ಇನ್ನು ನಿಮ್ಮ ಹಿಂದೆ ನಾನು ಸೈಕಲ್ ತುಳಿಯಲ್ಲ."

"ಅಷ್ಟು ಸೆನ್ಸಿಟಿವ್ ಆದ್ರೆ ಹೇಗ್ರೀ? ಸ್ಮೈಲಿ ಹಾಕಿದ್ರಲ್ಲ ನೀವೇ!"

"ಹಾಕಿದ್ದು ತಪ್ಪು. ತೆಗೀರಿ."

ತೆಗೆದರು, ಎರಡು ದಿನ ಬಿಟ್ಟು. ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿತ್ತು. ಮುಂದಿನ ವಾರ ಒಂದು ಗೃಹಪ್ರವೇಶದ ಊಟದಲ್ಲಿ, ಪರಿಚಯವೇ ಇಲ್ಲದ ಹೆಂಗಸೊಬ್ಬರು ಕೋಸಂಬರಿ ಬಡಿಸಿಕೊಳ್ಳುತ್ತಾ, "ಜಿಂಕೆ ಆಂಟಿ ನೀವೇನಾ?" ಅಂದರು. ತಟ್ಟೆ ಕೆಳಗಿಟ್ಟೆ.

ಬ್ಯಾಂಕಿನವರಿಗೂ ಫೋನ್ ಮಾಡಿದ್ದೆ. ಮೇ ತಿಂಗಳಲ್ಲಿ ನಕ್ಕಿದ್ದಕ್ಕೆ, ತಂಗಿಗೆ ಕಳಿಸಿದ್ದಕ್ಕೆ ಕ್ಷಮೆ ಕೇಳಿದೆ. "ತಂಗಿಗೂ ಕಳಿಸಿದ್ರಾ? ಅದು ನನಗೆ ಗೊತ್ತಿರಲಿಲ್ಲ" ಎಂದು ಫೋನ್ ಇಟ್ಟರು. ಅವರು ಮತ್ತೆ ಸೈಕಲ್ಲಿಗೆ ಬರಲಿಲ್ಲ. ಮುಂದಾಳು ಹೊಸ ಗುಂಪು ಕಟ್ಟಿಕೊಂಡಿದ್ದಾರಂತೆ, ಹನ್ನೆರಡು ಜನ. ಡೆಂಟಿಸ್ಟು ಮತ್ತು ನಾನು ಈಗ ಬೇರೆ ರಸ್ತೆಯಲ್ಲಿ, ಬೇರೆ ಗುಡ್ಡ ಹತ್ತುತ್ತೇವೆ.